ಹೆಚ್ಚು ನಿದ್ರೆ: ರೋಗದ ಕಾರಣವೋ, ಲಕ್ಷಣವೋ?

ನಿದ್ರೆ ಕಡಿಮೆಯಾದರೆ ಆರೋಗ್ಯ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಿದ್ರೆ ಹೆಚ್ಚಾದರೆ? ದಿನಕ್ಕೆ ಒಂಬತ್ತು-ಹತ್ತು ಗಂಟೆ ಮಲಗುವವರ ಆಯುಷ್ಯ ಕಡಿಮೆ ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರು ಅಲಾರಂ ಇಟ್ಟುಕೊಂಡು ಬೇಗ ಏಳತೊಡಗುತ್ತಾರೆ. ಮನೆಯ ಮಕ್ಕಳನ್ನೂ ಎಬ್ಬಿಸುತ್ತಾರೆ. ಈ ಸುದ್ದಿಯ ಹಿಂದಿರುವ ಅಂಕಿ ಅಂಶಗಳು ನಿಜ. ಅವುಗಳಿಂದ ಹೊರಡಿಸುವ ತೀರ್ಮಾನ ಮಾತ್ರ ಅಷ್ಟು ಸರಳವಲ್ಲ.

ಮೊದಲು ಅಂಕಿಗಳನ್ನು ನೋಡೋಣ. ಅಮೆರಿಕದ ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು 2002ರಲ್ಲಿ ಒಂದು ದೊಡ್ಡ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯು 1982ರಲ್ಲಿ ಆರಂಭಿಸಿದ ಸಮೀಕ್ಷೆಯಲ್ಲಿ ಭಾಗವಹಿಸಿದ್ದ ಸುಮಾರು 11 ಲಕ್ಷ ಜನರ ಮಾಹಿತಿ ಅದರಲ್ಲಿತ್ತು. ರಾತ್ರಿ 7 ಗಂಟೆ ನಿದ್ರಿಸುವುದಾಗಿ ಹೇಳಿದವರಲ್ಲಿ ಸಾವಿನ ಪ್ರಮಾಣ ಅತಿ ಕಡಿಮೆ. 6 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿಯೂ 8 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಮಲಗುವವರಲ್ಲಿಯೂ ಅದು ಹೆಚ್ಚು. ನಕ್ಷೆ ಬರೆದರೆ ಇಂಗ್ಲಿಷಿನ 'ಯು' ಅಕ್ಷರದಂತಹ ವಕ್ರರೇಖೆ ಸಿಗುತ್ತದೆ. 2010ರಲ್ಲಿ ಕಪ್ಪೂಚೋ ಮತ್ತಿತರರು 16 ಅಧ್ಯಯನಗಳನ್ನು, ಅಂದರೆ ಸುಮಾರು 13 ಲಕ್ಷ 83 ಸಾವಿರ ಜನರ ಮಾಹಿತಿಯನ್ನು, ಒಟ್ಟುಗೂಡಿಸಿದಾಗ ಕಡಿಮೆ ನಿದ್ರೆಯವರಲ್ಲಿ ಸಾವಿನ ಅಪಾಯ 12% ಹೆಚ್ಚಾಗಿಯೂ, ಹೆಚ್ಚು ನಿದ್ರೆಯವರಲ್ಲಿ 30% ಹೆಚ್ಚಾಗಿಯೂ ಕಂಡುಬಂತು. ಭಾರತವೂ ಸೇರಿದಂತೆ 21 ದೇಶಗಳ 1,16,632 ವಯಸ್ಕರನ್ನು ಸುಮಾರು ಎಂಟು ವರ್ಷ ಗಮನಿಸಿದ 'ಪ್ಯೂರ್' ಅಧ್ಯಯನದಲ್ಲಿ (ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಇದರ ಭಾರತೀಯ ಕೇಂದ್ರಗಳಲ್ಲಿ ಒಂದು) ದಿನಕ್ಕೆ 10 ಗಂಟೆಗೂ ಮೀರಿ ಮಲಗುವವರಲ್ಲಿ ಸಾವು ಮತ್ತು ಹೃದಯಾಘಾತದಂತಹ ತೊಂದರೆಗಳ ಒಟ್ಟು ಅಪಾಯ, 6ರಿಂದ 8 ಗಂಟೆ ಮಲಗುವವರಿಗಿಂತ 41% ಹೆಚ್ಚಾಗಿತ್ತು.

ಇಷ್ಟು ಓದಿದ ಮೇಲೆ ಹಾಸಿಗೆಯೇ ಹಂತಕ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಭೌತವಿಜ್ಞಾನದ ಮೇಷ್ಟರಾದ ನನಗೆ ಈ ನಕ್ಷೆ ನೋಡಿದಾಗ ಮೊದಲು ಏಳುವ ಪ್ರಶ್ನೆ ಬೇರೆ: ಅಡ್ಡ ಅಕ್ಷದ ಮೇಲಿರುವ ಪರಿಮಾಣವನ್ನು ಅಳೆದದ್ದು ಹೇಗೆ? ಬಹುಪಾಲು ಯಾರೂ ಅಳೆದಿಲ್ಲ, ಕೇಳಿದ್ದಾರೆ ಅಷ್ಟೆ. 2008ರಲ್ಲಿ ಷಿಕಾಗೋದ ಲಾಡರ್‌ಡೇಲ್ ಮತ್ತು ಸಂಗಡಿಗರು ಮಧ್ಯವಯಸ್ಸಿನ 669 ಜನರ ಮಣಿಕಟ್ಟಿಗೆ ಚಲನೆಯನ್ನು ದಾಖಲಿಸುವ ಉಪಕರಣ ಕಟ್ಟಿ ಪರಿಶೀಲಿಸಿದರು. ನಿಜವಾಗಿ 5 ಗಂಟೆ ನಿದ್ರಿಸಿದವರು ಸರಾಸರಿ 1.2 ಗಂಟೆ ಹೆಚ್ಚಿಗೆ ಹೇಳಿದ್ದರು! ಹೇಳಿದ್ದಕ್ಕೂ ಅಳೆದದ್ದಕ್ಕೂ ಇದ್ದ ಸಹಸಂಬಂಧ ಗುಣಾಂಕ ಕೇವಲ 0.47. ನಮ್ಮ ಪ್ರಯೋಗಶಾಲೆಯಲ್ಲಿ ಇಂತಹ ಮಾಪಕವನ್ನು ಯಾರಾದರೂ ಬಳಸಿದರೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಬೀಳುವುದಿಲ್ಲ. 'ಒಂಬತ್ತು ಗಂಟೆ ನಿದ್ರೆ' ಎಂಬ ಉತ್ತರದಲ್ಲಿ ಹಾಸಿಗೆಯ ಮೇಲೆ ಎಚ್ಚರವಾಗಿ ಹೊರಳಾಡಿದ ಹೊತ್ತೂ ಸೇರಿಕೊಂಡಿರಬಹುದು.

ಎರಡನೆಯದು ಇನ್ನೂ ಮುಖ್ಯ. ಥರ್ಮಾಮೀಟರಿನ ಪಾದರಸ ಏರಿದ್ದರಿಂದ ಜ್ವರ ಬಂತೆಂದು ಯಾರೂ ಹೇಳುವುದಿಲ್ಲ. ಹೆಚ್ಚು ನಿದ್ರೆಯೂ ಬಹಳ ಸಲ ಆ ಪಾದರಸದಂತೆಯೇ. ಸೋಂಕು, ಉರಿಯೂತಗಳಿದ್ದಾಗ ದೇಹದಲ್ಲಿ ಬಿಡುಗಡೆಯಾಗುವ ಇಂಟರ್‌ಲ್ಯೂಕಿನ್-1ರಂತಹ ರಾಸಾಯನಿಕಗಳು ಮಿದುಳಿನ ಮೇಲೆ ವರ್ತಿಸಿ ನಿದ್ರೆ ತರಿಸುತ್ತವೆ. ಥೈರಾಯಿಡ್ ಗ್ರಂಥಿಯ ಸ್ರಾವ ಕಡಿಮೆಯಾದಾಗ, ರಕ್ತಹೀನತೆಯಲ್ಲಿ, ಖಿನ್ನತೆಯಲ್ಲಿ, ಕೆಲವು ಔಷಧಿಗಳಿಂದ ಮಂಪರು ಹೆಚ್ಚುತ್ತದೆ.

ಇವುಗಳಲ್ಲಿ ಭೌತವಿಜ್ಞಾನಕ್ಕೆ ಹತ್ತಿರವಾದದ್ದು ನಿದ್ರಾ ಉಸಿರುಕಟ್ಟುವಿಕೆ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಕಿರಿದಾಗುತ್ತದೆ. ಉಸಿರನ್ನು ಒಳಗೆಳೆದುಕೊಳ್ಳುವಾಗ ಆ ಮಾರ್ಗದ ಒಳಗಿನ ಒತ್ತಡ ಹೊರಗಿನದಕ್ಕಿಂತ ತಗ್ಗಿರುತ್ತದೆ. ಕಿರಿದಾದೆಡೆಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಮತ್ತೂ ಇಳಿಯುತ್ತದೆ. ತಂಪು ಪಾನೀಯವನ್ನು ಜೋರಾಗಿ ಹೀರಿದಾಗ ಮೆತ್ತನೆಯ ಸ್ಟ್ರಾ ಅಂಟಿಕೊಳ್ಳುತ್ತದಲ್ಲ, ಹಾಗೆ ಗಂಟಲು ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮಿದುಳು ಕ್ಷಣಕಾಲ ಎಚ್ಚೆತ್ತು ದಾರಿ ತೆರೆಯುತ್ತದೆ. ಇದು ತೀವ್ರವಾಗಿರುವವರಲ್ಲಿ ಗಂಟೆಗೆ 30 ಸಲ, ಕೆಲವರಲ್ಲಿ ಇನ್ನೂ ಹೆಚ್ಚು ಸಲ ನಡೆಯುತ್ತದೆ. ಮಲಗಿದವರಿಗೆ ನೆನಪೇ ಇರುವುದಿಲ್ಲ. ಹತ್ತು ಗಂಟೆ ಮಲಗಿದರೂ ದಣಿವು ಆರದು. ಮನೆಯವರು "ಎಷ್ಟು ಚೆನ್ನಾಗಿ ಗೊರಕೆ ಹೊಡೆದು ಮಲಗುತ್ತಾರೆ" ಎಂದುಕೊಳ್ಳುತ್ತಾರೆ! ಆಸ್ಟ್ರೇಲಿಯದ ಕಾಲಿನ್ ಸಲಿವನ್ 1981ರಲ್ಲಿ ಸೂಚಿಸಿದ ಪರಿಹಾರವೂ ಭೌತಿಕವೇ: ಮೂಗಿನ ಮೂಲಕ ಸ್ವಲ್ಪ ಹೆಚ್ಚಿನ ಒತ್ತಡದ ಗಾಳಿಯನ್ನು ಸತತವಾಗಿ ಹಾಯಿಸಿ ಮಾರ್ಗ ಕುಸಿಯದಂತೆ ತಡೆಯುವುದು.

ಕಾರಣವನ್ನೂ ಲಕ್ಷಣವನ್ನೂ ಬೇರ್ಪಡಿಸುವುದು ಹೇಗೆ? ಸಾವಿರಾರು ಜನರನ್ನು ಹತ್ತು ವರ್ಷ ದಿನಕ್ಕೆ ಹತ್ತು ಗಂಟೆ ಮಲಗಿಸುವ ಪ್ರಯೋಗ ಸಾಧ್ಯವಿಲ್ಲ. ಆದರೆ ಪ್ರಕೃತಿ ತಾನೇ ಒಂದು ಚೀಟಿ ಎತ್ತುತ್ತದೆ. ನಿದ್ರೆಯ ಅವಧಿಯನ್ನು ತುಸು ಹೆಚ್ಚು ಕಡಿಮೆ ಮಾಡುವ ಜೀನ್ ವೈವಿಧ್ಯಗಳು ನಮಗೆ ಹುಟ್ಟುವ ಮೊದಲೇ ಬಂದಿರುತ್ತವೆ. ಮುಂದೆ ಬರುವ ರೋಗ ಅವನ್ನು ಬದಲಿಸಲಾರದು. ಬ್ರಿಟನ್ನಿನ ಸುಮಾರು 4.6 ಲಕ್ಷ ಜನರ ಮಾಹಿತಿಯನ್ನು ಹೀಗೆ ಪರೀಕ್ಷಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ನೇರ ಹೋಲಿಕೆಯಲ್ಲಿ 6 ಗಂಟೆಗಿಂತ ಕಡಿಮೆ ಮಲಗುವವರಲ್ಲಿ ಹೃದಯಾಘಾತ 20%, 9 ಗಂಟೆಗಿಂತ ಹೆಚ್ಚು ಮಲಗುವವರಲ್ಲಿ 34% ಹೆಚ್ಚು. ಜೀನ್‌ಗಳ ಮೂಲಕ ನೋಡಿದಾಗ ಕಡಿಮೆ ನಿದ್ರೆ ಹೃದಯಾಘಾತಕ್ಕೆ ಕಾರಣವಾಗುತ್ತದೆ ಎಂಬುದಕ್ಕೆ ಆಧಾರ ದೊರೆಯಿತು. ಹೆಚ್ಚು ನಿದ್ರೆಗೆ ದೊರೆಯಲಿಲ್ಲ. ಒಂದೊಂದು ಜೀನ್ ನಿದ್ರೆಯನ್ನು ಬದಲಿಸುವುದು ನಿಮಿಷದ ಲೆಕ್ಕದಲ್ಲಿ. ಆದ್ದರಿಂದ ಇದು ಕಡೆಯ ತೀರ್ಪಲ್ಲ; ಆದರೂ ತಕ್ಕಡಿ ಯಾವ ಕಡೆ ವಾಲಿದೆ ಎಂಬುದು ಸ್ಪಷ್ಟ.

ಹಾಗೆಂದು ಅತಿಯಾಗಿ ಮಲಗುವುದರಿಂದ ಏನೂ ಆಗುವುದಿಲ್ಲವೆಂದಲ್ಲ. ಭಾನುವಾರ ಹತ್ತು ಗಂಟೆಯವರೆಗೆ ಮಲಗಿದರೆ ದೇಹದ ಜೈವಿಕ ಗಡಿಯಾರಕ್ಕೆ ಬೆಳಗಿನ ಬೆಳಕು ಸಿಗುವುದಿಲ್ಲ. ಗಡಿಯಾರ ಹಿಂದೆ ಬೀಳುತ್ತದೆ. ಎಚ್ಚರವಿದ್ದಷ್ಟೂ ಬೆಳೆಯುವ ನಿದ್ರೆಯ ಒತ್ತಡವೂ ರಾತ್ರಿಯ ವೇಳೆಗೆ ಸಾಲದಾಗುತ್ತದೆ. ರಾತ್ರಿ ನಿದ್ರೆ ಬಾರದೆ ಸೋಮವಾರ ತಲೆ ಭಾರ. ಇದಕ್ಕೆ ಏಳುವ ಹೊತ್ತನ್ನು ಎಲ್ಲ ದಿನವೂ ಒಂದೇ ಇಟ್ಟುಕೊಂಡರೆ ಸಾಕು.

ಅಧ್ಯಾಪಕರು ಗಮನಿಸಬೇಕಾದ ಅಂಶ ಬೇರೊಂದಿದೆ. ಕ್ರಿಪ್ಕೆ ಅವರ ನಕ್ಷೆಯಲ್ಲಿರುವವರೆಲ್ಲ 30 ವರ್ಷ ದಾಟಿದವರು. ಆ '7 ಗಂಟೆ'ಯನ್ನು ಪಿಯುಸಿ ಹುಡುಗರ ಮೇಲೆ ಹೇರುವುದು ತಪ್ಪು. ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನದ 2015ರ ಶಿಫಾರಸಿನಂತೆ 6ರಿಂದ 13 ವರ್ಷದವರಿಗೆ 9-11 ಗಂಟೆ, 14ರಿಂದ 17ರವರಿಗೆ 8-10 ಗಂಟೆ, ಅನಂತರ 64 ವರ್ಷದವರೆಗೆ 7-9 ಗಂಟೆ ಬೇಕು. ಹದಿಹರೆಯದಲ್ಲಿ ಮೆಲಟೋನಿನ್ ಸ್ರಾವ ರಾತ್ರಿ ತಡವಾಗಿ ಆರಂಭವಾಗುವುದರಿಂದ ಬೇಗ ನಿದ್ರೆಯೂ ಬರುವುದಿಲ್ಲ. 2011ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಅಧ್ಯಯನವೊಂದರಲ್ಲಿ ಬಾಸ್ಕೆಟ್‌ಬಾಲ್ ಆಡುವ 11 ವಿದ್ಯಾರ್ಥಿಗಳಿಗೆ 5ರಿಂದ 7 ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿರಲು ಹೇಳಲಾಯಿತು. ಅವರು ಸೋಮಾರಿಗಳಾಗಲಿಲ್ಲ, ಓಟದ ವೇಗ ಹೆಚ್ಚಿತು, ಗುರಿಯ ನಿಖರತೆ 9% ಸುಧಾರಿಸಿತು. ಮೊದಲ ಪೀರಿಯಡ್‌ನಲ್ಲಿ ತೂಕಡಿಸುವವರನ್ನು ಎದ್ದು ನಿಲ್ಲಿಸಿ ಗದರಿಸಿದವರಲ್ಲಿ ನಾನೂ ಒಬ್ಬ. ಬೆಳಗಿನ ಆರಕ್ಕೆ ಟ್ಯೂಷನ್, ರಾತ್ರಿ ಹನ್ನೊಂದರವರೆಗೆ ಓದು ಎಂದು ಕೂಡಿ ಕಳೆದು ನೋಡಿದ್ದರೆ ಗದರುತ್ತಿರಲಿಲ್ಲ.

ತನಗೋ ಮನೆಯವರಿಗೋ ನಿದ್ರೆ ಅತಿಯಾಗಿದೆ ಎನಿಸಿದವರು ಎರಡು ವಾರ ಮಲಗಿದ ಹೊತ್ತು, ಎದ್ದ ಹೊತ್ತು, ಹಗಲಿನ ತೂಕಡಿಕೆ ಇವನ್ನು ಬರೆದಿಡಬೇಕು. 9 ಗಂಟೆಗೂ ಹೆಚ್ಚು ಮಲಗಿ ಎದ್ದ ಮೇಲೂ ದಣಿವು ಉಳಿದಿದ್ದರೆ, ಅಥವಾ ಮೊದಲು 7 ಗಂಟೆ ಸಾಕಾಗುತ್ತಿದ್ದವರಿಗೆ ಇತ್ತೀಚೆಗೆ ಹತ್ತೂ ಸಾಲದಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸಬೇಕು. ಹಿಮೋಗ್ಲೋಬಿನ್ ಮತ್ತು ಥೈರಾಯಿಡ್ ತಪಾಸಣೆಗೆ ಒಂದು ರಕ್ತ ಪರೀಕ್ಷೆ ಸಾಕು. ಗೊರಕೆಯ ನಡುವೆ ಉಸಿರು ನಿಲ್ಲುವುದನ್ನು ಪಕ್ಕದಲ್ಲಿ ಮಲಗಿದವರು ಕಂಡಿದ್ದರೆ ನಿದ್ರಾ ಪ್ರಯೋಗಾಲಯದಲ್ಲಿ ಒಂದು ರಾತ್ರಿಯ ಪರೀಕ್ಷೆ ಅಗತ್ಯ. ಅಂಥವರು ಅಲ್ಲಿಯವರೆಗೆ ದೂರದ ದಾರಿಯಲ್ಲಿ ವಾಹನ ನಡೆಸದಿರುವುದು ಕ್ಷೇಮ.