ಹಳೆಯ ಕ್ಯಾಮೆರಾ, ಹೊಸ ಕ್ಯಾಮೆರಾ: ಚಿತ್ರದ ಗುಣವನ್ನು ಅಳೆಯುವ ಬಗೆ

ಕಂಡುದನ್ನು ಕಾಪಿಟ್ಟುಕೊಳ್ಳಬೇಕೆಂಬ ಹಂಬಲ ಮಾನವನಿಗೆ ಸಹಜವಾದುದು. ಶಿಲೆಯ ಮೇಲೆ ಉಳಿ, ತಾಳೆಗರಿಯ ಮೇಲೆ ಕಂಟ, ಕಾಗದದ ಮೇಲೆ ಲೇಖನಿ, ಇವೆಲ್ಲವೂ ಆ ಹಂಬಲದ ಸಾಧನಗಳೇ. ಇಂದು ಆ ಕಾರ್ಯದ ಬಹುಭಾಗವನ್ನು ಡಿಜಿಟಲ್ ಕ್ಯಾಮೆರಾ ವಹಿಸಿಕೊಂಡಿದೆ. ಸ್ಮರಣ ಸಂಚಿಕೆಗೆಂದು ಚಿತ್ರಗಳನ್ನು ಆರಿಸಲು ಕುಳಿತವರಿಗೆ ಒಂದು ಸೋಜಿಗ ಎದುರಾಗುವುದುಂಟು. ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಕ್ಯಾಮೆರಾದಿಂದ ತೆಗೆದ ಗೊಡಚಿ ಜಾತ್ರೆಯ ಚಿತ್ರ ಅಚ್ಚಿನಲ್ಲಿ ನಿಚ್ಚಳವಾಗಿ ಮೂಡುತ್ತದೆ. ನಿನ್ನೆ ಮೊನ್ನೆ ಬೆಲೆಯುಳ್ಳ ಮೊಬೈಲಿನಿಂದ ತೆಗೆದ ಚಿತ್ರ ಕೆಲವೊಮ್ಮೆ ಮಸುಕಾಗಿ ನಿಲ್ಲುತ್ತದೆ. ಹಾಗಾದರೆ ಹೊಸದು ಹಳೆಯದಕ್ಕಿಂತ ಉತ್ತಮವಲ್ಲವೆ? ಈ ಪ್ರಶ್ನೆಗೆ ಉತ್ತರ ಕಾಣಬೇಕಾದರೆ ಚಿತ್ರದ ಗುಣವೆಂದರೇನೆಂಬುದನ್ನು ಮೊದಲು ತಿಳಿಯಬೇಕು.

ಬೆಳಕನ್ನು ವಿದ್ಯುತ್ತಾಗಿ ಸಂಗ್ರಹಿಸುವ ಸಿ.ಸಿ.ಡಿ. ಎಂಬ ಸಾಧನವನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದರು. ಇದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಇದನ್ನು ಬಳಸಿ ಒಂದು ಡಿಜಿಟಲ್ ಕ್ಯಾಮೆರಾ ಜೋಡಿಸಿದರು. ಅದರ ತೂಕ ಸುಮಾರು 3.6 ಕಿಲೊಗ್ರಾಂ. ಅಡ್ಡಕ್ಕೆ 100, ಉದ್ದಕ್ಕೆ 100, ಒಟ್ಟು 10,000 ಬಿಂದುಗಳ ಕಪ್ಪು-ಬಿಳುಪು ಚಿತ್ರವೊಂದನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡುಗಳು ಬೇಕಾಗಿದ್ದವು. 1999ರ ನಿಕಾನ್ ಡಿ-1 ಕ್ಯಾಮೆರಾದಲ್ಲಿ ಬಿಂದುಗಳ ಸಂಖ್ಯೆ 27 ಲಕ್ಷಕ್ಕೇರಿತು. 2004ರ ಡಿ-70 ಕ್ಯಾಮೆರಾದಲ್ಲಿ ಅದು ಸುಮಾರು 60 ಲಕ್ಷವಾಯಿತು. 2023ರ ಹೊತ್ತಿಗೆ 20 ಕೋಟಿ ಬಿಂದುಗಳ ಮೊಬೈಲುಗಳು ಅಂಗಡಿಗೆ ಬಂದಿದ್ದವು. ಹತ್ತು ಲಕ್ಷ ಬಿಂದುಗಳಿಗೆ ಒಂದು ಮೆಗಾಪಿಕ್ಸೆಲ್ ಎಂದು ಹೆಸರು. ಮಾರುವವರು ಎತ್ತಿ ಹೇಳುವುದು ಈ ಸಂಖ್ಯೆಯನ್ನೇ.

ಆದರೆ ಸಂಖ್ಯೆಯೊಂದೇ ಗುಣವಲ್ಲ. ಇದನ್ನು ನೇಕಾರರ ಊರಾದ ರಾಮದುರ್ಗದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಂದು ಅಂಗುಲದಲ್ಲಿ ಎಷ್ಟು ಎಳೆಗಳಿವೆ ಎಂಬುದು ಸೀರೆಯ ಒಂದು ಲಕ್ಷಣ ಮಾತ್ರ. ನೂಲು ಹುರಿಯಾಗಿರಬೇಕು, ಬಣ್ಣ ಗಟ್ಟಿಯಾಗಿರಬೇಕು, ನೇಯುವ ಕೈ ಪಳಗಿರಬೇಕು. ಚಿತ್ರದ ಬಿಂದುಗಳೂ ಎಳೆಗಳಂತೆಯೇ. ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳು ಸಾಕು. 3008 ಬಿಂದು ಅಗಲ, 2000 ಬಿಂದು ಎತ್ತರವಿರುವ ಡಿ-70ರ ಚಿತ್ರವನ್ನು ಈ ಲೆಕ್ಕದಲ್ಲಿ 10 ಅಂಗುಲ ಅಗಲಕ್ಕೆ ಅಚ್ಚು ಹಾಕಬಹುದು. ಒಂದು ಪುಟಕ್ಕೆ ಅದು ಧಾರಾಳವಾಗಿ ಸಾಲುತ್ತದೆ. ಬಿಂದುಗಳು ನಾಲ್ಕು ಪಟ್ಟು ಹೆಚ್ಚಿದರೂ ಸೂಕ್ಷ್ಮ ವಿವರ ಅಡ್ಡಕ್ಕೂ ಉದ್ದಕ್ಕೂ ಇಮ್ಮಡಿಯಾಗುವುದೇ ಹೊರತು ನಾಲ್ಮಡಿಯಾಗುವುದಿಲ್ಲ. ಅದೂ ಮಸೂರವು ಅಷ್ಟು ವಿವರವನ್ನು ಒದಗಿಸಬಲ್ಲದಾದರೆ ಮಾತ್ರ.

ಬಿಂದುಗಳ ಸಂಖ್ಯೆಗಿಂತ ಮಿಗಿಲಾದುದು ಬೆಳಕು. ಕ್ಯಾಮೆರಾದ ಒಳಗಿರುವ ಸಂವೇದಕವು ಅಸಂಖ್ಯ ಸೂಕ್ಷ್ಮ ಕೋಶಗಳ ಒಂದು ಫಲಕ. ಮಳೆಯಲ್ಲಿ ಅಂಗಳಕ್ಕಿಟ್ಟ ಕೊಡಗಳಂತೆ ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿನ ಕಣಗಳನ್ನು ಕೂಡಿಟ್ಟುಕೊಳ್ಳುತ್ತದೆ. ಈ ಕಣಗಳು ಹನಿಗಳಂತೆಯೇ ಏರುಪೇರಾಗಿ ಬೀಳುತ್ತವೆ. ಸರಾಸರಿ 100 ಕಣಗಳು ಬೀಳುವ ಕೋಶದಲ್ಲಿ ಸುಮಾರು 10 ಕಣಗಳಷ್ಟು ಏರುಪೇರು ಸಹಜ. ಅಂದರೆ ನೂರಕ್ಕೆ ಹತ್ತು. 10,000 ಕಣಗಳು ಬಿದ್ದಲ್ಲಿ ಏರುಪೇರು ಸುಮಾರು 100. ಅಂದರೆ ನೂರಕ್ಕೆ ಒಂದು. ಮಬ್ಬು ಬೆಳಕಿನ ಚಿತ್ರಗಳಲ್ಲಿ ಮರಳು ಚೆಲ್ಲಿದಂತೆ ಕಾಣುವ ಒರಟುತನಕ್ಕೆ ಮುಖ್ಯ ಕಾರಣ ಇದೇ. ಡಿ-70ರ ಒಂದೊಂದು ಕೋಶದ ಅಗಲ ಸುಮಾರು 7.8 ಮೈಕ್ರಾನ್, 20 ಕೋಟಿ ಬಿಂದುಗಳ ಮೊಬೈಲಿನಲ್ಲಿ ಅದು ಸುಮಾರು 0.6 ಮೈಕ್ರಾನ್. ವಿಸ್ತೀರ್ಣದಲ್ಲಿ ಇವೆರಡಕ್ಕೂ ಸುಮಾರು 170 ಪಟ್ಟು ಅಂತರ.

ಹಾಗೆಂದು ಹಳೆಯದೇ ಮೇಲೆಂದು ತೀರ್ಮಾನಿಸುವುದು ಸಲ್ಲದು. ನಮ್ಮ ತಾಲೂಕಿನ ತೊರಗಲ್ಲಿನ ಭೂತನಾಥ ದೇವಾಲಯವನ್ನು ನೆನೆಯಿರಿ. ನಡುಹಗಲಿನಲ್ಲಿ ಹೊರಗೋಡೆಯನ್ನು ಚಿತ್ರಿಸಿದರೆ ಹಳೆಯದಕ್ಕೂ ಹೊಸದಕ್ಕೂ ಹೆಚ್ಚು ಭೇದ ಕಾಣದು. ಒಳಗಿನ ಕಂಬಗಳ ಬಳಿಗೆ ಬಂದಾಗ ಭೇದ ತಿಳಿಯುತ್ತದೆ. ಬೆಳಕಿಗೆ ಕ್ಯಾಮೆರಾ ತೋರುವ ಸ್ಪಂದನವನ್ನು ಐ.ಎಸ್.ಒ. ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಡಿ-70ರಲ್ಲಿ ಇದರ ಮೇಲ್ಮಿತಿ 1600. ಅದೇ ಸಂಸ್ಥೆ 2018ರಲ್ಲಿ ಹೊರತಂದ ಝಡ್-6 ಕ್ಯಾಮೆರಾದಲ್ಲಿ ಅದು 51,200. ಈ ಹೊಸ ಕ್ಯಾಮೆರಾದ ಕೋಶಗಳು ಹಳೆಯವಕ್ಕಿಂತ ಚಿಕ್ಕವು, ಸುಮಾರು 5.9 ಮೈಕ್ರಾನ್. ಆದರೂ ಮಂದ ಬೆಳಕಿನಲ್ಲಿ ಅದು ಮೇಲುಗೈ ಪಡೆಯುತ್ತದೆ. ಸಂವೇದಕದ ಒಟ್ಟು ವಿಸ್ತೀರ್ಣ ಇಮ್ಮಡಿಗೂ ಹೆಚ್ಚಾಗಿದೆ; ತಂತಿಗಳ ಜಾಲವನ್ನು ಕೋಶಗಳ ಹಿಂಬದಿಗೆ ಸರಿಸಿರುವುದರಿಂದ ಬೆಳಕಿಗೆ ಅಡ್ಡಿ ತಗ್ಗಿದೆ; ಕೋಶದಲ್ಲಿ ಕೂಡಿದ್ದನ್ನು ಎಣಿಸುವಾಗ ಯಂತ್ರವೇ ಸೇರಿಸುತ್ತಿದ್ದ ದೋಷವೂ ಕಡಿಮೆಯಾಗಿದೆ. ಹಳೆಯದು 12 ಬಿಟ್ ಲೆಕ್ಕದಲ್ಲಿ ಬೆಳಕಿನ 4,096 ಮಟ್ಟಗಳನ್ನು ಗುರುತಿಸಿದರೆ, ಹೊಸದು 14 ಬಿಟ್ ಲೆಕ್ಕದಲ್ಲಿ 16,384 ಮಟ್ಟಗಳನ್ನು ಗುರುತಿಸಬಲ್ಲದು. ಆದುದರಿಂದ ಬಾಗಿಲಿನ ಬಿಸಿಲೂ ಮೂಲೆಯ ನೆರಳೂ ಒಂದೇ ಚಿತ್ರದಲ್ಲಿ ಉಳಿಯಬಲ್ಲವು.

ಮೊಬೈಲು ತನ್ನ ಚಿಕ್ಕ ಕೋಶಗಳ ಕೊರತೆಯನ್ನು ಗಣಿತದಿಂದ ನೀಗಿಸಿಕೊಳ್ಳುತ್ತದೆ. 16 ಕೋಶಗಳನ್ನು ಕೂಡಿಸಿ ಒಂದಾಗಿ ಎಣಿಸುತ್ತದೆ. ಆಗ 20 ಕೋಟಿ ಬಿಂದುಗಳ ಚಿತ್ರ 1.25 ಕೋಟಿಗೆ ಇಳಿಯುತ್ತದೆ. ರಾತ್ರಿಯ ವೇಳೆ ಒಂದರ ಮೇಲೊಂದರಂತೆ ಅನೇಕ ಚಿತ್ರಗಳನ್ನು ತೆಗೆದು ಹೊಂದಿಸುತ್ತದೆ. ಇಷ್ಟರಮಟ್ಟಿಗೆ ಇದು ನ್ಯಾಯವಾದ ಉಪಾಯ. ಬಿದ್ದ ಬೆಳಕನ್ನೇ ಅದು ಕೂಡಿಸುತ್ತಿದೆ. ಆದರೆ ಇಲ್ಲದ ವಿವರವನ್ನು ಊಹಿಸಿ ತುಂಬಿದಾಗ ವಿಷಯ ಬೇರೆಯಾಗುತ್ತದೆ. 2023ರಲ್ಲಿ ಒಬ್ಬರು ಬೇಕೆಂದೇ ಮಸುಕುಗೊಳಿಸಿದ ಚಂದ್ರನ ಚಿತ್ರವನ್ನು ಗಣಕದ ಪರದೆಯ ಮೇಲಿಟ್ಟು, ದೂರದಿಂದ ಒಂದು ಪ್ರಸಿದ್ಧ ಮೊಬೈಲಿನಲ್ಲಿ ಸೆರೆಹಿಡಿದರು. ಪರದೆಯಲ್ಲಿ ಇಲ್ಲದ ಕುಳಿಗಳು ಮೊಬೈಲಿನ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡಿದ್ದವು!

ಚಂದ್ರನ ವಿಷಯದಲ್ಲಿ ಇದು ವಿನೋದವಾದೀತು. ಸವೆದ ಶಿಲಾಶಾಸನದ ವಿಷಯದಲ್ಲಿ ಹಾಗಲ್ಲ. ಒಂದು ಒತ್ತಕ್ಷರ ಸವೆದಿದ್ದರೆ ಸವೆದಂತೆಯೇ ಚಿತ್ರದಲ್ಲಿ ಕಾಣಬೇಕು. ಯಂತ್ರವು ಅದನ್ನು ತಿದ್ದಿ ಅಂದಗೊಳಿಸಿದರೆ ಹೆಸರು ಬದಲಾದೀತು, ಕಾಲ ಬದಲಾದೀತು; ಮುಂದೆ ಆ ಕಲ್ಲೇ ಇಲ್ಲವಾದಾಗ ತಪ್ಪೇ ಚರಿತ್ರೆಯಾಗಿ ನಿಂತೀತು. ನೋಟಕ್ಕೆ ಸೊಗಸಾದ ಚಿತ್ರ ಬೇರೆ, ನಂಬಿಕೆಗೆ ಯೋಗ್ಯವಾದ ಚಿತ್ರ ಬೇರೆ.

ಇದಕ್ಕೆ ಕನ್ನಡ ನಾಡಿನಲ್ಲೇ ಒಂದು ಉತ್ತಮ ನಿದರ್ಶನವಿದೆ. ಉಡುಪಿಯಲ್ಲಿದ್ದ, ಮಧ್ವಾಚಾರ್ಯರ 36 ಕೃತಿಗಳನ್ನೊಳಗೊಂಡ ಸರ್ವಮೂಲ ಗ್ರಂಥದ ತಾಳೆಗರಿಗಳು ಕಪ್ಪಾಗಿ ಓದಲು ಬಾರದಂತಾಗಿದ್ದವು. 2006ರ ಜೂನ್ ತಿಂಗಳಿನಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ಅವರ ಸಂಗಡಿಗರು ಅವನ್ನು ಅತಿರಕ್ತ ಕಿರಣಗಳ ನೆರವಿನಿಂದ ಚಿತ್ರಿಸಿದರು. ಕಣ್ಣಿಗೆ ಕಾಣದ ಆ ಬೆಳಕಿನಲ್ಲಿ ಕಪ್ಪಾದ ಗರಿಯಿಂದ ಅಕ್ಷರ ಬೇರ್ಪಟ್ಟು ಕಂಡಿತು. ಒಂದೊಂದು ಗರಿಯನ್ನೂ ಹಲವು ಭಾಗಗಳಾಗಿ ತೆಗೆದು ಅನಂತರ ಜೋಡಿಸಿದರು. ಇಂದಿನ ದೃಷ್ಟಿಯಲ್ಲಿ ಅಂದಿನ ಕ್ಯಾಮೆರಾ ಹಳೆಯದೇ. ಯಾವ ಬೆಳಕಿನಲ್ಲಿ, ಯಾವ ಉದ್ದೇಶಕ್ಕೆ, ಎಷ್ಟು ತಾಳ್ಮೆಯಿಂದ ಚಿತ್ರಿಸಬೇಕೆಂಬ ವಿವೇಕವೇ ಆ ಕಾರ್ಯವನ್ನು ಸಾಧಿಸಿತು.

ಇನ್ನು, ಹಳೆಯ ಸಿ.ಸಿ.ಡಿ. ಕ್ಯಾಮೆರಾಗಳ ಬಣ್ಣವೇ ಚೆಂದವೆಂದು ಇಂದಿನ ತರುಣರು ಕೆಲವರು ಅವನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಬಣ್ಣದ ಮೂಲ ಬಹುಮಟ್ಟಿಗೆ ಕೋಶಗಳ ಮೇಲಿನ ಕೆಂಪು, ಹಸಿರು, ನೀಲಿ ಶೋಧಕಗಳಲ್ಲಿಯೂ ತಯಾರಕರು ಅಳವಡಿಸಿದ ಸಂಸ್ಕರಣದಲ್ಲಿಯೂ ಇದೆ. ಅಭಿರುಚಿಯನ್ನು ಯಾರೂ ಆಕ್ಷೇಪಿಸಬೇಕಿಲ್ಲ. ಆದರೆ ಅಭಿರುಚಿಯನ್ನು ಅಳತೆಯೆಂದು ತಿಳಿಯಬಾರದು.

ವಿದ್ಯಾರ್ಥಿಗಳು ಈ ಹೋಲಿಕೆಯನ್ನು ತಾವೇ ಮಾಡಿ ನೋಡಬಹುದು. ಕಪಾಟಿನಲ್ಲಿ ಮಲಗಿರುವ ಹಳೆಯ ಕ್ಯಾಮೆರಾವನ್ನೂ ಮನೆಯ ಮೊಬೈಲನ್ನೂ ಅಲುಗಾಡದ ಒಂದೇ ನೆಲೆಯಲ್ಲಿಡಿರಿ. ಅಚ್ಚಾದ ಪುಟವೊಂದನ್ನು ಗೋಡೆಗೆ ಅಂಟಿಸಿ, ಒಮ್ಮೆ ಬಿಸಿಲಿನಲ್ಲಿ, ಒಮ್ಮೆ ಸಂಜೆಯ ಬೆಳಕಿನಲ್ಲಿ ಚಿತ್ರ ತೆಗೆಯಿರಿ. ಎರಡನ್ನೂ ಒಂದೇ ಅಳತೆಗೆ ತಂದು ಹೋಲಿಸಿರಿ. ಚಿತ್ರವನ್ನು ಸಂದೇಶದ ಮೂಲಕ ಕಳುಹಿಸಿ ನೋಡಬೇಡಿರಿ. ಕಳುಹಿಸುವಾಗ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ಮೊದಲು ಹೇಳಿದ ಮಸುಕು ಚಿತ್ರಗಳಲ್ಲಿ ಅನೇಕವು ಹೀಗೆ ಕೈಯಿಂದ ಕೈಗೆ ದಾಟಿ ಸೊರಗಿದವುಗಳೇ. ಮೂಲ ಪ್ರತಿಯನ್ನು ತಿದ್ದದೆ, ಸ್ಥಳ ಮತ್ತು ದಿನಾಂಕ ಬರೆದು, ಎರಡು ಕಡೆ ಕಾಪಿಡಿರಿ.

ಯಂತ್ರ ವರ್ಷವರ್ಷಕ್ಕೂ ಹಳತಾಗುತ್ತದೆ, ಆದರೆ ಅದರಿಂದ ತೆಗೆದ ನಿಜವಾದ ಚಿತ್ರ ಹಳತಾಗುವುದಿಲ್ಲ. ನಾಳಿನ ಕ್ಯಾಮೆರಾಕ್ಕಾಗಿ ಕಾಯುತ್ತ ಕುಳಿತರೆ ಕಲ್ಲು ಸವೆಯುತ್ತದೆ, ಗರಿ ಮುರಿಯುತ್ತದೆ, ಹಿರಿಯರ ಮುಖ ಕಣ್ಮರೆಯಾಗುತ್ತದೆ. ಕೈಯಲ್ಲಿರುವ ಸಾಧನದ ಮಿತಿಯನ್ನು ಅರಿತು, ಇರುವ ಬೆಳಕಿನಲ್ಲಿ, ಇದ್ದುದನ್ನು ಇದ್ದಂತೆ ಇಂದೇ ಚಿತ್ರಿಸಿಡುವುದು ನಮ್ಮ ಕರ್ತವ್ಯವಾಗಿದೆ.