ಒಂದು ಚಿಟಿಕೆ ಬೆಳಕು

ಜನವರಿ 14ರಂದು ಅಹಮದಾಬಾದಿನ ಪೋಳ್‌ಗಳೆಂಬ ಹಳೇ ವಠಾರಗಳಲ್ಲಿ ಓಣಿ ಖಾಲಿ, ಮಾಳಿಗೆ ಭರ್ತಿ. ವಡೋದರಾ, ಸೂರತ್‌ಗಳಲ್ಲೂ ಅಷ್ಟೇ. ನಾವು ಎಳ್ಳು ಬೀರುವ ಸಂಕ್ರಾಂತಿ ಗುಜರಾತಿಗೆ ಉತ್ತರಾಯಣ. ಮರುದಿನದ ವಾಸಿ ಉತ್ತರಾಯಣವೂ ಸೇರಿ ಎರಡು ದಿನ ಗಾಳಿಪಟ, ಊಂಧಿಯು ಎಂಬ ತರಕಾರಿ ಪಲ್ಯ, ಎಳ್ಳಿನ ಚಿಕ್ಕಿ. ಸುಗ್ಗಿಗೆ ಕೃತಜ್ಞತೆ ಹೇಳಲು ಅಮೆರಿಕದವರಿಗೆ ನವೆಂಬರಿನ ನಾಲ್ಕನೇ ಗುರುವಾರ ರಜೆ; ನಮ್ಮಲ್ಲಿ ಆ ಋಣ ನೇರವಾಗಿ ಸೂರ್ಯನದು.

ಎಷ್ಟು ಋಣ? ಲೆಕ್ಕ ಹಾಕಬಹುದು.

ಸೂರ್ಯ ಪ್ರತಿ ಸೆಕೆಂಡಿಗೆ ತನ್ನ ಮೈಯಿಂದ ಸುಮಾರು 42 ಲಕ್ಷ ಟನ್ ದ್ರವ್ಯವನ್ನು ಬೆಳಕು, ಶಾಖವಾಗಿಸಿ ಎಲ್ಲ ದಿಕ್ಕಿಗೂ ಚೆಲ್ಲುತ್ತಾನೆ. 15 ಕೋಟಿ ಕಿಲೋಮೀಟರ್ ಆಚೆಯಿರುವ ಭೂಮಿಗೆ ಸಿಗುವುದು ಅದರ 220 ಕೋಟಿಯಲ್ಲಿ ಒಂದು ಪಾಲು. ಐನ್‌ಸ್ಟೈನರ ಸೂತ್ರದಿಂದ ತೂಗಿದರೆ, ಇಡೀ ಭೂಮಿಗೆ ಸೆಕೆಂಡಿಗೆ ಬೀಳುವ ಬಿಸಿಲು ಎರಡು ಕಿಲೋ ತುಂಬುವುದಿಲ್ಲ. ಕಡಲು ಆವಿಯಾಗಿ ಮುಂಗಾರು ಏಳುವುದು, ಕಛ್‌ನ ರಣ ಕಾಯುವುದು, ಎಲ್ಲವೂ ಅಷ್ಟರೊಳಗೇ. ಅದರಲ್ಲೂ ಹಸಿರೆಲೆ ಮತ್ತು ಕಡಲಿನ ಪಾಚಿ ಹಿಡಿದಿಟ್ಟುಕೊಳ್ಳುವುದು ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಅಂದರೆ ಸೆಕೆಂಡಿಗೆ ಒಂದೆರಡು ಗ್ರಾಂ. ಒಂದು ಚಿಟಿಕೆ ಎಳ್ಳಿನಷ್ಟು!

ಸೌರಾಷ್ಟ್ರದ ಕಡಲೆಕಾಯಿ, ರಾಯಚೂರಿನ ಭತ್ತ, ಊಂಧಿಯುವಿಗೆ ಬೀಳುವ ಸೂರತ್ತಿನ ಪಾಪಡಿ ಅವರೆ, ಆನೆಯ ಮೇವು, ತಿಮಿಂಗಿಲದ ಆಹಾರ, 800 ಕೋಟಿ ಜನರ ಊಟ: ಎಲ್ಲಕ್ಕೂ ಆ ಚಿಟಿಕೆಯೇ ಮೂಲ. ಗುಣಿಸಿ, ಭಾಗಿಸಿ ನೋಡಿದಷ್ಟೂ ಬೆರಗು ಹೆಚ್ಚುತ್ತದೆ. ಗಾಳಿಪಟವೂ ಅದರದೇ ಕೂಸು. ಬಿದಿರ ಕಡ್ಡಿ, ಕಾಗದ, ಹತ್ತಿ ದಾರ ಎಲ್ಲವೂ ಹಿಂದೆಂದೋ ಎಲೆಗಳು ಹಿಡಿದ ಬಿಸಿಲು.

ಹಕ್ಕಿಗಳೂ ಆ ಚಿಟಿಕೆಯ ಪಾಲುದಾರರೇ. ಗಾಜಿನ ಪುಡಿ ಬಳಿದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕೊಯ್ದುಕೊಂಡು ಬೀಳುವ ಅವುಗಳ ಆರೈಕೆಗೆ ಗುಜರಾತಿನಲ್ಲಿ 2017ರಿಂದ ಕರುಣಾ ಅಭಿಯಾನ ನಡೆಯುತ್ತಿದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದೇ ವರ್ಷ ದೇಶಾದ್ಯಂತ ನಿಷೇಧಿಸಿತು. ಈ ಹಬ್ಬದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಗೌರವ ಆ ಅಭಿಯಾನದ ಮೇಲೆ.

ಇನ್ನು ತಾರೀಖಿನ ಮಾತು. ಸೂರ್ಯ ನಿಜಕ್ಕೂ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಭೂಮಿಯ ಅಕ್ಷ ನಿಧಾನವಾಗಿ ದಿಕ್ಕು ಬದಲಿಸುವುದರಿಂದ, ಸುಮಾರು 72 ವರ್ಷಕ್ಕೊಂದು ದಿನದಂತೆ, ಸಂಕ್ರಾಂತಿ ಅದರಿಂದ ದೂರ ಸರಿಯುತ್ತಿದೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಅಹಮದಾಬಾದಿಗೆ ಸುಮಾರು ನೂರು ಕಿಲೋಮೀಟರ್ ದೂರದ ಮೊಢೇರಾದಲ್ಲಿ, ಸೋಲಂಕಿ ದೊರೆ ಒಂದನೇ ಭೀಮದೇವನ ಕಾಲಕ್ಕೆ, 1026-27ರಲ್ಲಿ ಸೂರ್ಯದೇಗುಲ ಎದ್ದಾಗ ಅಂತರ ಹತ್ತು ದಿನದಷ್ಟಿತ್ತು, ಈಗ ಇಪ್ಪತ್ತನಾಲ್ಕು. ಅಕ್ಷದ ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಅಷ್ಟರೊಳಗೆ ಈ ಹಬ್ಬ ಬೇಸಿಗೆ, ಮಳೆಗಾಲಗಳನ್ನೆಲ್ಲ ಹಾದು ಬರಬೇಕು.

ಅದೇ ಮೊಢೇರಾವನ್ನು 2022ರ ಅಕ್ಟೋಬರಿನಲ್ಲಿ ಹಗಲಿರುಳೂ ಸೌರವಿದ್ಯುತ್ತಿನಲ್ಲೇ ನಡೆಯುವ ದೇಶದ ಮೊದಲ ಗ್ರಾಮವೆಂದು ಘೋಷಿಸಲಾಯಿತು. ಸಾವಿರಕ್ಕೂ ಹೆಚ್ಚು ಮಾಳಿಗೆಗಳ ಮೇಲೆ ಈಗ ಸೌರಫಲಕಗಳಿವೆ; ಹಗಲಿನ ಬಿಸಿಲನ್ನು ಬ್ಯಾಟರಿಗಳಲ್ಲಿ ಕೂಡಿಟ್ಟು ರಾತ್ರಿಗೆ ಬಳಸುತ್ತಾರೆ.