1.3 ಬಂದವಳು ಪಾಸೋ ಫೇಲೋ?

ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಿ ಬಂದಿದ್ದ ಹುಡುಗಿಯ ಮಾರ್ಕ್ಸ್ ಕಾರ್ಡು ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಪರೀಕ್ಷಾ ವಿಭಾಗದ ಮೇಜಿನ ಮೇಲಿತ್ತು. ಒಂದು ವಿಷಯಕ್ಕೆ 1.3, ಇನ್ನೊಂದಕ್ಕೆ 1.7, ಮೂರನೆಯದಕ್ಕೆ 2.0. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡು ಎರಡೆರಡು ಸಲ ನೋಡಿದರು. "ಏನ್ ಮೇಡಂ ಇದು, ಹತ್ತಕ್ಕೆ ಎರಡೂ ದಾಟಿಲ್ಲ. ಅಷ್ಟು ದೂರ ಹೋಗಿ ಡುಮ್ಕಿ ಹೊಡ್ಕೊಂಡು ಬಂದಿದಾಳಲ್ಲ" ಎಂದರು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು.

ಜರ್ಮನಿಯ ಲೆಕ್ಕ ನಮ್ಮದಕ್ಕೆ ತಿರುವುಮುರುವು. ಅಲ್ಲಿ 1.0 ಎಂದರೆ ಎಲ್ಲಕ್ಕಿಂತ ಮೇಲು, 4.0 ಪಾಸಿನ ಕೊನೆಯ ಗೆರೆ, 5.0 ಬಂದರೆ ಫೇಲು. ಹುಡುಗಿ ತರಗತಿಯ ಮುಂಚೂಣಿಯಲ್ಲಿದ್ದಳು. ಅದನ್ನು ನಮ್ಮ ಕಡತಕ್ಕೆ ಒಪ್ಪಿಸಲು ಮಾತ್ರ ಮೂರು ತಿಂಗಳು ಹಿಡಿಯಿತು.

ವಿದ್ಯಾರ್ಥಿ ವಿನಿಮಯ ಎಂದಕೂಡಲೇ ವೀಸಾ, ವಿಮಾನ, ಹಿಮದಲ್ಲಿ ತೆಗೆಸಿಕೊಂಡ ಫೋಟೊ ನೆನಪಾಗುತ್ತವೆ. ವೀಸಾ ಹೇಗೋ ಆಗುತ್ತದೆ. ಹೆಚ್ಚಿನವರು ಎಡವುವುದು ತಮ್ಮದೇ ಕಾಲೇಜಿನ ಈ ಮೇಜಿನ ಮುಂದೆ: ಅಲ್ಲಿ ಓದಿದ್ದನ್ನು ಇಲ್ಲಿ ಓದಿದಂತೆ ಯಾರು ಒಪ್ಪುತ್ತಾರೆ, ಯಾವ ಲೆಕ್ಕದಲ್ಲಿ ಒಪ್ಪುತ್ತಾರೆ?

ಇಂದು ಜಗತ್ತಿನ ಅತಿ ದೊಡ್ಡ ವಿನಿಮಯ ಯೋಜನೆಗಳಲ್ಲಿ ಒಂದಾಗಿರುವ ಯುರೋಪಿನ ಎರಾಸ್ಮಸ್ ಹುಟ್ಟಿದ್ದೂ ಇಂಥದೇ ಮೇಜಿನ ಮುಂದೆ. ರೋಮಿನ ಕಾನೂನು ವಿದ್ಯಾರ್ಥಿನಿ ಸೋಫಿಯಾ ಕೊರಾದಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ನೆರವಿನಿಂದ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ತುಲನಾತ್ಮಕ ಕಾನೂನಿನಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ಊರಿಗೆ ಮರಳಿದರು. ರೋಮಿನ ಲಾ ಸಪಿಯೆಂಜಾ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಚೇರಿಯಲ್ಲಿ ಎಲ್ಲರೆದುರು ಗದರಿಸಿಕೊಂಡು ಹೊರಬಂದ ಆಕೆ ಅದನ್ನು ಮರೆಯಲಿಲ್ಲ. ಮುಂದೆ ಇಟಲಿಯ ವಿಶ್ವವಿದ್ಯಾಲಯ ಮುಖ್ಯಸ್ಥರ ಒಕ್ಕೂಟಕ್ಕೆ ಸಲಹೆಗಾರ್ತಿಯಾದಾಗ, ಹೊರದೇಶದಲ್ಲಿ ಓದಿದ್ದಕ್ಕೆ ಮಾನ್ಯತೆ ಸಿಗಬೇಕೆಂದು 1969ರಿಂದ ಪಟ್ಟು ಹಿಡಿದರು. ಯೋಜನೆ ಜಾರಿಗೆ ಬರಲು 1987ರ ತನಕ ಕಾಯಬೇಕಾಯಿತು. ಮೊದಲ ವರ್ಷ 11 ದೇಶಗಳ ನಡುವೆ ಓಡಾಡಿದವರು 3,244 ವಿದ್ಯಾರ್ಥಿಗಳು. ಈಗ ಒಟ್ಟು ಸಂಖ್ಯೆ ಕೋಟಿ ದಾಟಿದೆ. ಕೊರಾದಿಯವರನ್ನು ಅಲ್ಲಿನವರು 'ಮಮ್ಮಾ ಎರಾಸ್ಮಸ್' ಎಂದು ಕರೆದರು. ಗದರಿಸಿದ ಆ ಕಚೇರಿಯವರಿಗೂ ಇದರಲ್ಲಿ ಒಂದು ಪಾಲು ಸಲ್ಲಬೇಕು ಎಂದು ನನಗೆ ಆಗಾಗ ಅನಿಸುತ್ತದೆ.

ವಿನಿಮಯದ ಬುಡದಲ್ಲಿರುವುದು ಎರಡು ವಿಶ್ವವಿದ್ಯಾಲಯಗಳ ನಡುವಿನ ಒಪ್ಪಂದ. ಎಂಒಯು ಬೇರೆ, ವಿನಿಮಯ ಒಪ್ಪಂದ ಬೇರೆ. ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಫೈಲು ಹಿಡಿದು ಫೋಟೊ ತೆಗೆಸಿಕೊಳ್ಳುವುದು ಎಂಒಯು. 'ಸಹಕರಿಸಲು ಇಚ್ಛಿಸುತ್ತೇವೆ' ಎಂಬುದಕ್ಕಿಂತ ಹೆಚ್ಚಿನದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ವರ್ಷಕ್ಕೆ ಎಷ್ಟು ಮಂದಿ, ಯಾವ ವಿಭಾಗದವರು, ಎಷ್ಟು ತಿಂಗಳು, ಫೀಸು ಯಾರದು, ವಸತಿ ಯಾರ ಹೊಣೆ, ಯಾವ ತಾರೀಖಿನೊಳಗೆ ಹೆಸರು ಕಳಿಸಬೇಕು ಎಂದೆಲ್ಲ ಬರೆದಿದ್ದರೆ ಅದು ವಿನಿಮಯ ಒಪ್ಪಂದ. 'ನಮಗೆ ಮೂವತ್ತು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಒಡಂಬಡಿಕೆ ಇದೆ' ಎಂದು ಕಾಲೇಜು ಹೇಳಿದರೆ, ಕಳೆದ ವರ್ಷ ಎಷ್ಟು ಮಂದಿ ಹೋದರು, ಎಷ್ಟು ಮಂದಿ ಬಂದರು ಎಂದು ಕೇಳಿ. ಉತ್ತರಕ್ಕೆ ಮುಂಚೆ ಬರುವ ಕೆಮ್ಮಿನಲ್ಲೇ ವಿಷಯ ತಿಳಿಯುತ್ತದೆ.

ಫೀಸಿನ ವ್ಯವಸ್ಥೆ ನಮ್ಮ ಹಳ್ಳಿಯ ಮುಯ್ಯಾಳಿನ ಥರ. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯ ಇಬ್ಬರು ಬಂದರೆ, ನಾಳೆ ನಮ್ಮ ಗದ್ದೆಗೆ ನಿಮ್ಮವರಿಬ್ಬರು. ಕೂಲಿಯ ಮಾತೇ ಇಲ್ಲ. ಇಲ್ಲಿಯೂ ವಿದ್ಯಾರ್ಥಿ ತನ್ನ ಕಾಲೇಜಿನ ಫೀಸನ್ನು ತನ್ನ ಕಾಲೇಜಿಗೇ ಕಟ್ಟುತ್ತಾನೆ. ಹೋದಲ್ಲಿ ಬೋಧನಾ ಶುಲ್ಕವಿಲ್ಲ. ಸಣ್ಣಪುಟ್ಟ ಶುಲ್ಕ ಇರಬಹುದು. ಜರ್ಮನಿಯಲ್ಲಿ ಸೆಮಿಸ್ಟರಿಗೊಮ್ಮೆ ಕಟ್ಟುವ ವಂತಿಗೆ ಅಂಥದು, ಆದರೆ ಹಲವು ಊರುಗಳಲ್ಲಿ ಅದರಲ್ಲೇ ಬಸ್ಸು-ರೈಲಿನ ಪಾಸೂ ಸೇರಿರುತ್ತದೆ. ಮುಯ್ಯಿಯ ಲೆಕ್ಕ ವರ್ಷ ವರ್ಷವೂ ಸರಿಹೋಗಬೇಕೆಂದಿಲ್ಲ, ನಾಲ್ಕೈದು ವರ್ಷದಲ್ಲಿ ತೂಗಿದರೆ ಸಾಕು. ನಮ್ಮವರು ಹೋಗುತ್ತಲೇ ಇದ್ದು ಅಲ್ಲಿಂದ ಯಾರೂ ಬರದಿದ್ದರೆ ಆ ಕಡೆಯವರು ಸೀಟು ಕಡಿಮೆ ಮಾಡುತ್ತಾರೆ. ಹಾಸ್ಟೆಲಿನಲ್ಲಿ ಸರಿಯಾದ ಎರಡು ಕೋಣೆ, ಬಂದವರು ಸೇರಬಹುದಾದ ನಾಲ್ಕು ಕೋರ್ಸು, ಪೊಲೀಸು ನೋಂದಣಿಗೆ ಜೊತೆಯಲ್ಲಿ ಹೋಗುವ ಒಬ್ಬ ಮನುಷ್ಯ, ಇಷ್ಟಿಲ್ಲದ ಕಾಲೇಜಿನಿಂದ ಮಕ್ಕಳು ಹೊರಗೆ ಹೋಗುವುದೂ ಬೇಗ ನಿಲ್ಲುತ್ತದೆ.

ಇನ್ನು ವಿದ್ಯಾರ್ಥಿ ಕೈಯಲ್ಲಿ ಹಿಡಿಯಬೇಕಾದ ಮುಖ್ಯ ಕಾಗದ: ಲರ್ನಿಂಗ್ ಅಗ್ರಿಮೆಂಟ್. ಎರಡು ಕೋಷ್ಟಕವಿರುವ ಸಾದಾ ಫಾರಂ. ಮೊದಲನೆಯದರಲ್ಲಿ ಅಲ್ಲಿ ಓದುವ ವಿಷಯಗಳು ಮತ್ತು ಕ್ರೆಡಿಟ್ಟು. ಎರಡನೆಯದರಲ್ಲಿ ಅವುಗಳ ಬದಲಿಗೆ ಇಲ್ಲಿ ಮನ್ನಾ ಆಗುವ ವಿಷಯಗಳು. ಕೆಳಗೆ ಮೂರು ಸಹಿ: ವಿದ್ಯಾರ್ಥಿಯದು, ಕಳಿಸುವವರದು, ಕರೆಸಿಕೊಳ್ಳುವವರದು. ಈ ಮೂರು ಸಹಿ ಹೊರಡುವ ಮುಂಚೆ ಬೀಳಬೇಕು. 'ಹೋಗಿ ಬಾ, ಆಮೇಲೆ ನೋಡೋಣ' ಎಂದು ಎಚ್‌ಒಡಿ ಬೆನ್ನು ತಟ್ಟಿ ಕಳಿಸಿದ್ದನ್ನು ನಂಬಿ ಹೋದವರು ಬಂದ ಮೇಲೆ ನಾಲ್ಕು ಪೇಪರು ಮತ್ತೆ ಬರೆದದ್ದುಂಟು. ಅಷ್ಟರಲ್ಲಿ ಎಚ್‌ಒಡಿ ಬದಲಾಗಿರುತ್ತಾರೆ.

ಎರಡನೇ ಕೋಷ್ಟಕ ತುಂಬುವಾಗ ಜಗಳ ಏಳುವುದು ವಿಷಯದ ಹೆಸರಿನ ಮೇಲೆ. ನಮ್ಮಲ್ಲಿ 'ಹೀಟ್ ಟ್ರಾನ್ಸ್‌ಫರ್' ಎಂದಿದ್ದರೆ ಅಲ್ಲಿಯೂ ಅದೇ ಹೆಸರಿರಬೇಕು ಎನ್ನುವ ಮೇಷ್ಟ್ರುಗಳಿದ್ದಾರೆ. ನೋಡಬೇಕಾದದ್ದು ಸಿಲಬಸ್ಸು, ಮುಕ್ಕಾಲು ಪಾಲು ಹೊಂದಿದರೆ ವಿವೇಕ ಇರುವ ಬೋರ್ಡು ಒಪ್ಪುತ್ತದೆ. ಕಡ್ಡಾಯ ವಿಷಯಗಳು ತುಂಬಿರುವ ಸೆಮಿಸ್ಟರಿನಲ್ಲಿ ಹೊರಡಬೇಡಿ. ಐಚ್ಛಿಕ ವಿಷಯಗಳು ಹೆಚ್ಚಿರುವ ಸೆಮಿಸ್ಟರನ್ನು ಆರಿಸಿಕೊಂಡರೆ ಅರ್ಧ ತಲೆನೋವು ಇಲ್ಲೇ ತೀರುತ್ತದೆ. ಅಲ್ಲಿ ಇಳಿದ ಮೊದಲ ವಾರದಲ್ಲಿ ಒಂದು ಕೋರ್ಸು ರದ್ದಾಗಿರುತ್ತದೆ ಅಥವಾ ಎರಡರ ವೇಳೆ ಡಿಕ್ಕಿ ಹೊಡೆಯುತ್ತದೆ, ಇದು ಮಾಮೂಲಿ. ಬದಲಿ ಕೋರ್ಸು ತೆಗೆದುಕೊಂಡ ದಿನವೇ ಫಾರಂ ತಿದ್ದಿಸಿ, ಮೂರೂ ಸಹಿ ಮತ್ತೆ ಹಾಕಿಸಿ.

ಕ್ರೆಡಿಟ್ಟಿನ ಲೆಕ್ಕವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಯುರೋಪಿನ ಇಸಿಟಿಎಸ್ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್ಟು, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆಯ ಓದು. ಪಾಠ ಕೇಳಿದ್ದಷ್ಟೇ ಅಲ್ಲ, ಲೈಬ್ರರಿಯಲ್ಲಿ ಕೂತದ್ದು, ಪರೀಕ್ಷೆಗೆ ಉರು ಹೊಡೆದದ್ದು ಎಲ್ಲ ಸೇರಿ. ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್ಟು; ಸೆಮಿಸ್ಟರಿಗೆ 20. ಸೆಮಿಸ್ಟರಿಗೆ ಸೆಮಿಸ್ಟರು ಇಟ್ಟು ನೋಡಿದರೆ ಅವರ 3 ನಮ್ಮ 2ಕ್ಕೆ ಸಮ. 'ಮೂವತ್ತು ತಂದಿದ್ದೇನೆ, ಮೂವತ್ತೂ ಕೊಡಿ' ಎಂದು ವಿದ್ಯಾರ್ಥಿ ಕೇಳುವುದೂ ತಪ್ಪು, 'ಆರು ಕ್ರೆಡಿಟ್ಟಿನ ಕೋರ್ಸು ಇಲ್ಲಿ ಇಲ್ಲವೇ ಇಲ್ಲ' ಎಂದು ಕಚೇರಿ ತಳ್ಳಿಹಾಕುವುದೂ ತಪ್ಪು. ಅದು ಇಲ್ಲಿನ ನಾಲ್ಕು ಕ್ರೆಡಿಟ್ಟಿನ ಕೋರ್ಸು, ಅಷ್ಟೆ.

ಅಂಕಕ್ಕೆ ಬರೋಣ. ಫ್ರಾನ್ಸಿನಲ್ಲಿ 20ಕ್ಕೆ ಅಂಕ, ಇಟಲಿಯಲ್ಲಿ 30ಕ್ಕೆ, ಜರ್ಮನಿಯ ಕಥೆ ಮೇಲೆ ಹೇಳಿದ್ದೇನೆ. ಜರ್ಮನರು ಹೊರದೇಶದ ಅಂಕವನ್ನು ತಮ್ಮದಕ್ಕೆ ತಿರುಗಿಸಲು 'ಬವೇರಿಯಾ ಸೂತ್ರ' ಎಂಬುದನ್ನು ಬಳಸುತ್ತಾರೆ. ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆಯಿರಿ; ಉಳಿದದ್ದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ; ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8 ಬಂದವರಿಗೆ, ಪಾಸಿಗೆ 4 ಬೇಕಾದ ಕಡೆ 2.0 ಸಿಗುತ್ತದೆ, ಪಾಸಿಗೆ 5 ಬೇಕಾದ ಕಡೆ ಅದೇ ಎಂಟು 2.2 ಆಗುತ್ತದೆ. ಆದ್ದರಿಂದ ನಿಮ್ಮ ವಿಶ್ವವಿದ್ಯಾಲಯದ ಪಾಸಿನ ಅಂಕ ಎಷ್ಟು ಎಂಬುದನ್ನು ಪತ್ರದಲ್ಲಿ ಬರೆಸಿಕೊಂಡೇ ಹೋಗಿ. ಇದೇ ಸೂತ್ರವನ್ನು ಹಿಂದುಮುಂದು ಮಾಡಿ ಪಾಸಿಗೆ 4 ಎಂದು ಹಿಡಿದರೆ ನಮ್ಮ ಹುಡುಗಿಯ 1.3ಕ್ಕೆ 9.4 ಬಂತು. ಗುಮಾಸ್ತರು ಕ್ಯಾಲ್ಕುಲೇಟರ್ ತೆಗೆದು ತಾವೇ ಇನ್ನೊಮ್ಮೆ ಮಾಡಿ ನೋಡಿದರು, ಆಮೇಲೆ ಹುಡುಗಿಗೆ ಕುರ್ಚಿ ತೋರಿಸಿದರು.

ಕಾಲಮಾನದ ಹೊಂದಾಣಿಕೆಯೂ ಇದೆ. ಜರ್ಮನಿಯ ಚಳಿಗಾಲದ ಸೆಮಿಸ್ಟರಿನ ಪಾಠ ಅಕ್ಟೋಬರ್ ಮಧ್ಯದಿಂದ ಫೆಬ್ರುವರಿಯವರೆಗೆ. ಬೇಸಗೆಯದು ಏಪ್ರಿಲ್‌ನಿಂದ ಜುಲೈವರೆಗೆ. ಎರಡೂ ನಮ್ಮ ಸೆಮಿಸ್ಟರುಗಳ ನಡುವೆ ಅಡ್ಡ ಮಲಗುತ್ತವೆ. ಚಳಿಗಾಲದಲ್ಲಿ ಹೋದವರು ಬರುವಷ್ಟರಲ್ಲಿ ಇಲ್ಲಿ ಮುಂದಿನ ಸೆಮಿಸ್ಟರು ಶುರುವಾಗಿ ಒಂದು ಇಂಟರ್ನಲ್ಸ್ ಮುಗಿದಿರುತ್ತದೆ, ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದಿರುತ್ತದೆ. ಇದಕ್ಕೂ ಹೊರಡುವ ಮುಂಚೆಯೇ ವಿನಾಯಿತಿ ಪತ್ರ ಬೇಕು.

ಹಣದ ವಿಷಯ. ಮುಯ್ಯಿಯಲ್ಲಿ ಫೀಸು ಉಳಿದರೂ ಊಟ, ಬಾಡಿಗೆ, ಟಿಕೆಟ್ಟು, ವಿಮೆ ನಿಮ್ಮದೇ. ಇದಕ್ಕೆ ನೆರವಾಗುವುದು 2015ರಿಂದ ಭಾರತದಂಥ ದೇಶಗಳಿಗೂ ತೆರೆದ ಎರಾಸ್ಮಸ್ ಪ್ಲಸ್‌ನ ಅಂತರರಾಷ್ಟ್ರೀಯ ವಿಭಾಗ. ಆಯ್ಕೆಯಾದ ವಿದ್ಯಾರ್ಥಿಗೆ ದೇಶದ ದುಬಾರಿತನ ನೋಡಿ ತಿಂಗಳಿಗೆ 800ರಿಂದ 900 ಯೂರೊ, ಜೊತೆಗೆ ದೂರದ ಲೆಕ್ಕದಲ್ಲಿ ಪ್ರಯಾಣದ ಹಣ. ಇದಕ್ಕೆ ವಿದ್ಯಾರ್ಥಿ ನೇರವಾಗಿ ಬ್ರಸೆಲ್ಸ್‌ಗೆ ಅರ್ಜಿ ಹಾಕುವಂತಿಲ್ಲ. ಯುರೋಪಿನ ವಿಶ್ವವಿದ್ಯಾಲಯ ಯೋಜನೆಗೆ ಹಣ ತರುತ್ತದೆ, ಅದರ ಪಾಲುದಾರ ಕಾಲೇಜು ತನ್ನಲ್ಲಿನ ಹುಡುಗರನ್ನು ಆರಿಸುತ್ತದೆ. 'ಎರಾಸ್ಮಸ್ ಸೀಟು ಕೊಡಿಸುತ್ತೇವೆ' ಎನ್ನುವ ಏಜೆಂಟರಿಗೆ ಕೊಟ್ಟ ದುಡ್ಡು ಹೊಳೆಯಲ್ಲಿ ತೊಳೆದ ಹುಣಸೆಹಣ್ಣು. ಎರಾಸ್ಮಸ್ ಮುಂಡಸ್ ಎಂಬುದು ಇದರ ದಾಯಾದಿ, ಆದರೆ ವಿನಿಮಯವಲ್ಲ. ಎರಡು ಮೂರು ದೇಶಗಳಲ್ಲಿ ಓದಿ ಪಡೆಯುವ ಪೂರ್ಣ ಸ್ನಾತಕೋತ್ತರ ಪದವಿ. ಅದಕ್ಕೆ ವಿದ್ಯಾರ್ಥಿ ತಾನೇ ಅರ್ಜಿ ಹಾಕಬಹುದು.

ಸಿಬ್ಬಂದಿ ವಿನಿಮಯದ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ಹೋದ ಮೇಷ್ಟ್ರು ಏನು ತರುತ್ತಾರೆ, ಏನು ಬಿಟ್ಟು ಬರುತ್ತಾರೆ ಎಂಬುದಕ್ಕೆ ಕನ್ನಡದಲ್ಲೇ ಉದಾಹರಣೆಗಳಿವೆ. ಬಿ.ಎ. ವಿವೇಕ ರೈ ಅವರು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಅಲ್ಲಿನ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದರು. ಗಿರೀಶ ಕಾರ್ನಾಡರು 1987–88ರಲ್ಲಿ ಫುಲ್‌ಬ್ರೈಟ್ ಅಡಿಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ 'ನಾಗಮಂಡಲ' ರೂಪುಗೊಂಡಿತು. ಅದರ ಹಿಂದಿನ ಜನಪದ ಕಥೆ ಅವರಿಗೆ ಸಿಕ್ಕಿದ್ದು ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ ಅವರಿಂದ.

ಎಲ್ಲರಿಗೂ ವರ್ಷಗಟ್ಟಲೆ ರಜೆ ಸಿಗುವುದಿಲ್ಲ ನಿಜ. ಎರಾಸ್ಮಸ್‌ನಲ್ಲಿ ನಮ್ಮ ಸಿಬ್ಬಂದಿ ಕನಿಷ್ಠ ಐದು ದಿನಕ್ಕೆ ಹೋಗಬಹುದು, ಗರಿಷ್ಠ ಎರಡು ತಿಂಗಳು. ಪಾಠ ಮಾಡಲು ಹೋಗುವವರು ವಾರಕ್ಕೆ ಎಂಟು ಗಂಟೆಯಾದರೂ ತರಗತಿಯಲ್ಲಿರಬೇಕು. ತೊಂಬತ್ತು ದಿನದೊಳಗಿನ ಇಂಥ ಪ್ರವಾಸಕ್ಕೆ ಷೆಂಗೆನ್ ಅಲ್ಪಾವಧಿ ವೀಸಾ ಸಾಕು. ಸೆಮಿಸ್ಟರಿಗೆ ಹೋಗುವ ವಿದ್ಯಾರ್ಥಿಗೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಸರ್ಕಾರಿ ನೌಕರರಾದರೆ ಎನ್‌ಒಸಿ ಎಂಬ ಇನ್ನೊಂದು ಬೆಟ್ಟವಿದೆ. ಅದು ಕೈಗೆ ಬರುವವರೆಗೆ ಟಿಕೆಟ್ಟು ಕೊಳ್ಳಬೇಡಿ.

ಈ ಯೋಜನೆ ಬೋಧಕೇತರರಿಗೂ ಇದೆ ಎಂಬುದು ಅನೇಕ ಕಾಲೇಜುಗಳಿಗೆ ಗೊತ್ತಿಲ್ಲ, ಗೊತ್ತಿದ್ದರೂ ಪ್ರಾಂಶುಪಾಲರೂ ಡೀನರೂ ತಮ್ಮೊಳಗೇ ಹಂಚಿಕೊಳ್ಳುತ್ತಾರೆ. ಗ್ರಂಥಪಾಲಕರು, ಲೆಕ್ಕಪತ್ರದವರು, ಪರೀಕ್ಷಾ ವಿಭಾಗದವರು ತರಬೇತಿಗೆಂದು ಹೋಗಿ ಅಲ್ಲಿನ ಕಚೇರಿಯಲ್ಲಿ ಒಂದು ವಾರ ಕೂತು ಬರಬಹುದು. ಮುಂದಿನ ಸುತ್ತಿನಲ್ಲಿ ಹೆಸರು ಕೇಳಿದಾಗ ನಾನು ನಮ್ಮ ಗುಮಾಸ್ತರದ್ದನ್ನು ಬರೆದೆ. "ನಂಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಬಿಟ್ಬಿಡಿ ಮೇಡಂ" ಎಂದು ಒಂದು ವಾರ ತಪ್ಪಿಸಿಕೊಂಡು ಓಡಾಡಿದರು. ಎಂಟನೇ ದಿನ ಬೆಳಿಗ್ಗೆ ಬಂದು ಮೇಜಿನ ಮುಂದೆ ನಿಂತು, ಪಾಸ್‌ಪೋರ್ಟಿಗೆ ಎಷ್ಟು ಫೋಟೊ ಬೇಕು ಎಂದು ಕೇಳಿದರು.